ಹಲ್ಲಿನೊಳಗಿನ ಬೆಳ್ಳಿ: ತೆಗೆಸಬೇಕೇ, ಇರಲಿ ಬಿಡಬೇಕೇ?

ಕಳೆದ ತಿಂಗಳು ವಾಳೆಯ ಸಭೆ ಮುಗಿಸಿ ಚಾ ಕುಡಿಯುತ್ತಿದ್ದಾಗ ಹಿರಿಯ ತಾಯಿಯೊಬ್ಬರು ಕೇಳಿದರು: "ಫಾದರ್, ನನ್ನ ಎರಡು ದವಡೆಹಲ್ಲಿಗೆ ಬೆಳ್ಳಿ ತುಂಬಿಸಿ ಇಪ್ಪತ್ತು ವರ್ಷ ಆಯ್ತು. ಅದರಲ್ಲಿ ಪಾದರಸ ಇದೆ, ಕೂಡಲೇ ತೆಗೆಸಿ ಅಂತ ಮಗ ಗಲ್ಫಿನಿಂದ ಫೋನ್ ಮಾಡಿದ. ಏನು ಮಾಡಲಿ?" ಸೆಮಿನರಿಯ ದಿನಗಳಲ್ಲಿ ತುಂಬಿಸಿದ ಅಂಥದೇ ಒಂದು ಹಲ್ಲು ನನ್ನ ಬಾಯಲ್ಲೂ ಇದೆ. ಹಾಗಾಗಿ ಅದು ನನ್ನ ಪ್ರಶ್ನೆಯೂ ಆಯಿತು.

ನಾವು 'ಬೆಳ್ಳಿ' ಎನ್ನುವ ಈ ವಸ್ತುವಿನ ಹೆಸರು ಅಮಾಲ್ಗಮ್. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರಗಳ ಪುಡಿ. ಚರ್ಚಿನ ಗಂಟೆಯಲ್ಲೂ ತಾಮ್ರ, ತವರ ಇವೆ. ಆದರೆ ಗಂಟೆಯ ಲೋಹವನ್ನು ಬೆಂಕಿಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ತಣಿದಾಗ ಅದು ಗಟ್ಟಿಯಾಗುತ್ತದೆ. ಬಾಯೊಳಗೆ ಬೆಂಕಿ ಸಾಧ್ಯವೇ? ಇಲ್ಲಿ ಪಾದರಸ ಆ ಕೆಲಸ ಮಾಡುತ್ತದೆ. ಅದು ಪುಡಿಯ ಕಣಗಳ ಹೊರಮೈಯನ್ನು ಕರಗಿಸಿ, ಬೆಳ್ಳಿಯೊಂದಿಗೆ ಸೇರಿ ಹೊಸ ಹರಳುಗಳಾಗುತ್ತದೆ. ಜಲ್ಲಿಯನ್ನು ಸಿಮೆಂಟು ಹಿಡಿದಂತೆ, ಕರಗದೆ ಉಳಿದ ಕಣಗಳನ್ನು ಈ ಹರಳುಗಳು ಬಿಗಿಯುತ್ತವೆ. ಕೆಲವೇ ನಿಮಿಷಗಳಲ್ಲಿ ಬಿಗಿದರೂ ಪೂರ್ಣ ಬಲ ಬರಲು ಸುಮಾರು 24 ಗಂಟೆ ಬೇಕು. ಮೊದಲ ದಿನ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ 1890ರ ದಶಕದಲ್ಲಿ ಈ ಮಿಶ್ರಣಕ್ಕೆ ಒಂದು ಅಳತೆ ಕೊಟ್ಟರು. ಹಳೆಯ ಮಿಶ್ರಣದ ದೌರ್ಬಲ್ಯ ತವರದಲ್ಲಿತ್ತು. ತವರ, ಪಾದರಸ ಸೇರಿ ಆಗುವ ಹರಳು ಮೆದು; ಎಂಜಲಿನಲ್ಲಿ ಬೇಗ ಸವೆಯುತ್ತದೆ. 1960ರ ದಶಕದಿಂದ ತಾಮ್ರ ಹೆಚ್ಚಿಸಿದ ಮಿಶ್ರಣಗಳು ಬಂದವು. ತಾಮ್ರ ತವರವನ್ನು ತನ್ನತ್ತ ಸೆಳೆದುಕೊಂಡಿತು, ತುಂಬಿದ ಹಲ್ಲು ಹೆಚ್ಚು ಕಾಲ ಬಾಳಿತು.

ಹಾಗಾದರೆ ಪಾದರಸದ ಭಯ ಸುಳ್ಳೇ? ಪೂರ್ತಿ ಸುಳ್ಳಲ್ಲ. ಅಗಿಯುವಾಗ ಅತಿ ಸ್ವಲ್ಪ ಆವಿ ಹೊರಬರುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಅಥವಾ ನರದ ಕಾಯಿಲೆಯವರು ಹೊಸದಾಗಿ ಇದನ್ನು ತುಂಬಿಸದಿರುವುದು ಲೇಸೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಸಲಹೆ ನೀಡಿತು. ಪಾದರಸ ಮಣ್ಣು, ನೀರು, ಮೀನಿಗೆ ಸೇರುತ್ತದೆಂಬ ಚಿಂತೆಯಿಂದ 2013ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತವೂ ಅದರಲ್ಲಿ ಸೇರಿದೆ. ಯುರೋಪಿಯನ್ ಒಕ್ಕೂಟವು ವೈದ್ಯಕೀಯ ಅನಿವಾರ್ಯತೆಯ ಹೊರತು ಇದರ ಬಳಕೆಯನ್ನು 2025ರ ಜನವರಿ 1ರಿಂದ ನಿಲ್ಲಿಸಿತು.

ಆದರೆ ಅದೇ 2020ರ ಸಲಹೆಯಲ್ಲಿ ಇನ್ನೊಂದು ಮಾತಿದೆ: ಚೆನ್ನಾಗಿರುವ ಹಳೆಯ ಅಮಾಲ್ಗಮನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬೇಡಿ. ಕೊರೆದು ತೆಗೆಯುವಾಗಲೇ ಆವಿ ಹೆಚ್ಚು ಏಳುತ್ತದೆ. ಜೊತೆಗೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ.

ಆದ್ದರಿಂದ ಹಿರಿಯರೇ, ಹೆದರಿ ಹಣ ಖರ್ಚು ಮಾಡಬೇಡಿ. ಬಿರುಕು, ನೋವು, ಅಂಚಿನಲ್ಲಿ ಹುಳುಕು ಕಂಡರೆ ವೈದ್ಯರಿಗೆ ತೋರಿಸಿ. ಮಕ್ಕಳ ಹಲ್ಲು ತುಂಬಿಸುವುದಿದ್ದರೆ ಯಾವ ವಸ್ತು ಎಂದು ಮೊದಲೇ ಕೇಳಿ. ಹಲ್ಲಿನ ಬಣ್ಣದ ಬೇರೆ ವಸ್ತುಗಳಿವೆ.

ಆ ತಾಯಿ ಸೊಸೆಯೊಂದಿಗೆ ದಂತವೈದ್ಯರಲ್ಲಿಗೆ ಹೋಗಿ ಬಂದರು. ಎರಡೂ ಹಲ್ಲು ಗಟ್ಟಿಯಾಗಿವೆಯಂತೆ, ಮುಟ್ಟುವುದು ಬೇಡವಂತೆ. "ಮಗನಿಗೆ ನೀವೇ ಒಂದು ಫೋನ್ ಮಾಡಿ ಹೇಳಿ ಫಾದರ್" ಎಂದರು. ಮಾಡಿದೆ.