ರಕ್ತದ ಜಮಾ-ಖರ್ಚು

ನಮ್ಮ ಶರೀರದಲ್ಲಿ ರಕ್ತ ಹರಿಯುತ್ತದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಹರಿದ ರಕ್ತ ಎಲ್ಲಿಗೆ ಹೋಗುತ್ತದೆ, ಹೋದದ್ದು ಮರಳಿ ಬರುತ್ತದೆಯೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತು ಸುಮಾರು ನಾನೂರು ವರ್ಷಗಳಷ್ಟೇ ಆಗುತ್ತ ಬಂದಿವೆ. ಅದನ್ನು ದೊರಕಿಸಿಕೊಟ್ಟುದು ಬಹುಮಟ್ಟಿಗೆ ಒಂದು ಗುಣಾಕಾರದ ಲೆಕ್ಕ. ದಿನವಿಡೀ ಕಚೇರಿಯಲ್ಲಿ ಅಂಕಿಗಳ ನಡುವೆ ಕೂಡುವ ನಮ್ಮಂಥವರಿಗೆ ಈ ಸಂಗತಿ ಹಿಡಿಸಿದರೆ ಆಶ್ಚರ್ಯವಿಲ್ಲ.

ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನನ ಮಾತೇ ಯುರೋಪಿನಲ್ಲಿ ಬಹುಕಾಲ ವೇದವಾಕ್ಯವಾಗಿತ್ತು. ಉಂಡ ಅನ್ನದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ. ಅದು ಅಂಗಾಂಗಗಳಿಗೆ ಹರಿದು, ಹೊಲಕ್ಕೆ ಬಿಟ್ಟ ನೀರಿನಂತೆ ಅಲ್ಲಲ್ಲೇ ಇಂಗಿಹೋಗುತ್ತದೆ ಎಂದು ಅವನು ಹೇಳಿದ್ದನು. ಹದಿಮೂರನೆಯ ಶತಮಾನದಲ್ಲಿ ಅರಬ ವೈದ್ಯ ಇಬ್ನ್ ಅಲ್ ನಫೀಸನು, ಹೃದಯದ ಬಲಭಾಗದ ರಕ್ತ ಶ್ವಾಸಕೋಶಗಳನ್ನು ಹಾದೇ ಎಡಭಾಗಕ್ಕೆ ಬರುತ್ತದೆಂದು ಬರೆದನು. ಆದರೂ ಇಡೀ ಶರೀರದ ಸುತ್ತು ಬಿಡಿಸದ ಒಗಟಾಗಿಯೇ ಉಳಿಯಿತು.

ಅದನ್ನು ಬಿಡಿಸಿದವನು 1578ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಹಾರ್ವೆ. ಅವನು ಲೆಕ್ಕ ಹಾಕಿದ್ದು ಹೀಗೆ: ಹೃದಯ ಒಂದು ಬಡಿತಕ್ಕೆ ಅರ್ಧ ಔನ್ಸು ರಕ್ತವನ್ನು ಹೊರದೂಡುತ್ತದೆನ್ನೋಣ. ಅರ್ಧ ಗಂಟೆಗೆ ಸಾವಿರ ಬಡಿತವೆನ್ನೋಣ. ಎರಡೂ ಬೇಕೆಂದೇ ಕಡಮೆ ಹಿಡಿದ ಅಂಕಿಗಳು. ಹಾಗಿದ್ದರೂ ಅರ್ಧ ಗಂಟೆಯಲ್ಲಿ ಐನೂರು ಔನ್ಸು, ಎಂದರೆ ಹದಿನಾಲ್ಕು ಕಿಲೋಗ್ರಾಮಿಗೂ ಹೆಚ್ಚು ರಕ್ತ ಹೊರಬೀಳಬೇಕು! ಅಷ್ಟು ರಕ್ತ ಇಡೀ ದೇಹದಲ್ಲಿಯೇ ಇಲ್ಲ. ಅಷ್ಟನ್ನು ಹುಟ್ಟಿಸುವಷ್ಟು ಅನ್ನವನ್ನು ಯಾವ ಮನುಷ್ಯನೂ ಉಣ್ಣಲಾರ. ಜಮೆಯೇ ಇಲ್ಲದೆ ಇಷ್ಟು ಖರ್ಚು ಯಾವ ಖಾತೆಯಲ್ಲೂ ಸಾಧ್ಯವಿಲ್ಲ. ಆದುದರಿಂದ ಹೋದ ರಕ್ತವೇ ತಿರುಗಿ ಬರುತ್ತಿರಬೇಕು. ಈ ತೀರ್ಮಾನವನ್ನು ಅವನು 1628ರಲ್ಲಿ ಒಂದು ಸಣ್ಣ ಲ್ಯಾಟಿನ್ ಪುಸ್ತಕವಾಗಿ ಪ್ರಕಟಿಸಿದನು.

ಹಾರ್ವೆ ತೋರಿಸಿದ ಪರೀಕ್ಷೆಯೊಂದನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಮುಂಗೈಯ ಮೇಲೆ ಉಬ್ಬಿದ ನೀಲಿ ಗೆರೆಯನ್ನು ನಾವು ವಾಡಿಕೆಯಲ್ಲಿ ನರವೆನ್ನುತ್ತೇವೆ. ಶಾಸ್ತ್ರದಲ್ಲಿ ಅದು ಅಭಿಧಮನಿ. ಅದನ್ನು ಒಂದು ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈಯ ಕಡೆಗೆ ರಕ್ತವನ್ನು ಸವರಿರಿ. ಗೆರೆ ಬರಿದಾಗುತ್ತದೆ. ಸವರಿದ ಬೆರಳನ್ನೆತ್ತಿದರೂ ಮೇಲಿನ ರಕ್ತ ಕೆಳಕ್ಕಿಳಿಯದು. ಅದುಮಿದ ಬೆರಳನ್ನು ಎತ್ತಿದೊಡನೆಯೇ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಕಾರಣ, ಒಳಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಕವಾಟಗಳಿವೆ. ಈ ಕವಾಟಗಳನ್ನು ಇಟಲಿಯ ಪಾಡುವಾದಲ್ಲಿ ಹಾರ್ವೆಯ ಗುರುವಾಗಿದ್ದ ಫ್ಯಾಬ್ರಿಷಿಯಸನು ವರ್ಣಿಸಿದ್ದನು. ಅವು ಇರುವುದು ರಕ್ತ ಹೃದಯದ ಕಡೆಗೇ ಸಾಗಲೆಂದು ಎಂಬುದನ್ನು ಶಿಷ್ಯನು ಕಂಡುಕೊಂಡನು.

ಹೃದಯದಿಂದ ಒಯ್ಯುವ ಧಮನಿಗೂ ಹೃದಯಕ್ಕೆ ತರುವ ಅಭಿಧಮನಿಗೂ ನಡುವಣ ಕೊಂಡಿ ಮಾತ್ರ ಹಾರ್ವೆಯ ಕಣ್ಣಿಗೆ ಬೀಳಲಿಲ್ಲ. ಅವನು 1657ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪಿಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡುತ್ತ, ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳನ್ನು ಕಂಡನು. ಖಾತೆ ಅಲ್ಲಿಗೆ ತಾಳೆಯಾಯಿತು.

ಇಂದಿನ ಅಂಕಿಗಳು ಹಾರ್ವೆ ಹಿಡಿದವುಗಳಿಗಿಂತ ದೊಡ್ಡವು. ವಯಸ್ಕರಲ್ಲಿರುವ ರಕ್ತ ಸುಮಾರು 5 ಲೀಟರು. ಬಡಿತಕ್ಕೆ 70 ಮಿಲಿಲೀಟರು, ನಿಮಿಷಕ್ಕೆ 72 ಬಡಿತ ಎಂದರೆ, ಇದ್ದಷ್ಟು ರಕ್ತವೂ ನಿಮಿಷಕ್ಕೊಮ್ಮೆ ಹೃದಯವನ್ನು ಹಾದುಹೋದಂತಾಯಿತು. ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ಪಡೆದು, ಎಡಗಡೆಗೆ ಬಂದು, ಅಲ್ಲಿಂದ ಮಿದುಳು ಮೊದಲ್ಗೊಂಡು ಕಾಲಿನ ಕಿರುಬೆರಳಿನವರೆಗೆ ಹಂಚಿ, ಮತ್ತೆ ಬಲಗಡೆಗೆ ಬರುವುದು ಅದರ ದಿನಚರಿ. ಇದಕ್ಕೆ ಭಾನುವಾರವಿಲ್ಲ, ರಜೆಯಿಲ್ಲ.

ಆದರೆ ಈ ಸುತ್ತು ನಿಂತರೆ? ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಮಿದುಳು ಕೆಡತೊಡಗುತ್ತದೆ. ನಾವಿರುವ ಮಹಾನಗರಗಳಲ್ಲಿ, ಮೂರನೆಯ ಮಹಡಿಯ ಮನೆಗೆ ಅಷ್ಟರೊಳಗೆ ಆಂಬುಲೆನ್ಸು ಬಂದು ಮುಟ್ಟುವುದು ಕಷ್ಟ. ಊರಿನಿಂದ ಬಂದಿರುವ ತಂದೆತಾಯಿ, ಹಗಲೆಲ್ಲ ಮನೆಯಲ್ಲಿ ಸೊಸೆಯೋ ಮೊಮ್ಮಗನೋ ಒಬ್ಬರೇ; ಇದು ನಮ್ಮಲ್ಲಿ ಅನೇಕರ ಮನೆಯ ಪರಿಸ್ಥಿತಿ.

ಇಂಥ ಹೊತ್ತಿಗೆ ಒದಗುವ ಉಪಾಯವೊಂದನ್ನು ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದರು. ಅವರಲ್ಲಿ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಇಂಜಿನಿಯರು! ಎದೆಯನ್ನು ಸೀಳದೆ, ಹೊರಗಿನಿಂದ ಕೈಯಿಂದ ಒತ್ತಿದರೂ ರಕ್ತ ಮುಂದಕ್ಕೆ ಸಾಗುತ್ತದೆಂದು ಅವರು ತೋರಿಸಿದರು. ಹೃದಯದಲ್ಲಿಯೂ ಕವಾಟಗಳಿರುವುದರಿಂದ ಒತ್ತಿದ ರಕ್ತ ಹಿಂದಕ್ಕೆ ಹೋಗದು. ಎಂದಿನ ಪ್ರವಾಹದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ದೊರೆಯಲಾರದು. ಆದರೂ ಮಿದುಳನ್ನು ಕೆಲಕಾಲ ಉಳಿಸಿಕೊಳ್ಳಲು ಅದು ಸಾಕಾಗಬಹುದು.

ಮಾಡಬೇಕಾದುದಿಷ್ಟು. ದೊಡ್ಡವರೊಬ್ಬರು ಕುಸಿದುಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಮೊದಲು 112ಕ್ಕೆ ಫೋನು ಮಾಡಿಸಿರಿ. ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿರಿ. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಎದೆ 5 ಸೆಂಟಿಮೀಟರು ತಗ್ಗುವಂತೆ ಒತ್ತಿರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿರಿ. ಆಗಲೇ ರಕ್ತ ಮತ್ತೆ ಹೃದಯವನ್ನು ತುಂಬುವುದು. ನಿಮಿಷಕ್ಕೆ 100ರಿಂದ 120 ಸಲ, ನೆರವು ಬರುವವರೆಗೂ ನಿಲ್ಲಿಸಬಾರದು. ದಣಿವಾದರೆ ಇನ್ನೊಬ್ಬರು ಕೈಗೂಡಿಸಲಿ.

ಓದಿ ತಿಳಿದುದು ಕೈಗೆ ಹತ್ತಬೇಕಾದರೆ ಅಭ್ಯಾಸ ಬೇಕು. ನಮ್ಮ ಸಂಘಗಳಲ್ಲಿ ನಾಟಕ, ಹಾಡುಗಾರಿಕೆಗಳಿಗೆ ಬಿಡುವು ಮಾಡಿಕೊಳ್ಳುವಂತೆ, ವರ್ಷದಲ್ಲಿ ಒಂದು ಭಾನುವಾರ ಬಲ್ಲ ವೈದ್ಯರೊಬ್ಬರನ್ನು ಕರೆಸಿ, ಬೊಂಬೆಯ ಮೇಲೆ ಇದನ್ನು ಕಲಿಸುವ ಏರ್ಪಾಡಾಗಲಿ. ಗಂಡಸರಷ್ಟೇ ಅಲ್ಲ, ಹಗಲು ಮನೆಯಲ್ಲಿರುವ ಹೆಂಗಸರೂ ಹೈಸ್ಕೂಲಿನ ಮಕ್ಕಳೂ ಅಂದು ತಪ್ಪದೆ ಬರಲಿ.