ಕೊಡಗಿಗೆ ಹೊರಟಿದ್ದೀರಾ? ಬೈಲಕುಪ್ಪೆಯಲ್ಲೇ ಇಳಿದುಬಿಡಿ

ವೀಕೆಂಡ್ ಬಂತೆಂದರೆ ಕುಶಾಲನಗರ, ಮಡಿಕೇರಿ ಕಡೆ ರೂಮಿನ ರೇಟು ಮುಗಿಲು ಮುಟ್ಟುತ್ತೆ. ಕಾವೇರಿ ದಾಟೋಕೆ ಮೊದಲೇ, ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಬೈಲಕುಪ್ಪೆ ಇದೆಯಲ್ಲ! ಟಿಬೆಟಿಯನ್ನರು ಇಲ್ಲಿ ನೆಲೆಸೋಕೆ ಶುರುಮಾಡಿದ್ದು 1961ರಲ್ಲಿ. 1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಸ್ಥಾಪಿಸಿದರು. ಗೋಲ್ಡನ್ ಟೆಂಪಲ್ ಅಂತ ಎಲ್ಲರೂ ಫೋಟೊ ತೆಗೆದು ಹೊರಟುಬಿಡೋದು ಇಲ್ಲಿಂದಲೇ.

ಮಠದ್ದೇ ಅತಿಥಿಗೃಹ ಇದೆ. ಸಾದಾ ಕೋಣೆ, ಸಾದಾ ಹಾಸಿಗೆ. ಈಜುಕೊಳ ಗೀಜುಕೊಳ ಕೇಳಬೇಡಿ. ಟೂರಿಸ್ಟ್ ಬಸ್ಸುಗಳು ಬರೋ ಮುಂಚೆ ಬೆಳಗಿನ ಪ್ರಾರ್ಥನೆ ಕೇಳಬಹುದು. ನನ್ನ ಲೆಕ್ಕದಲ್ಲಿ ಬಾಡಿಗೆ ಅಲ್ಲಿಗೇ ವಸೂಲಿ. ಮಧ್ಯಾಹ್ನಕ್ಕೆ ಥುಕ್ಪಾ, ಮೊಮೊ. ಟಿಬೆಟಿಯನ್ ಹೊಸವರ್ಷ ಲೋಸರ್ ಹೊತ್ತಿಗೆ ರೂಮು ಸಿಗೋದು ಕಷ್ಟ, ಮೊದಲೇ ಫೋನ್ ಮಾಡಿ. ಜೊತೆಗೆ ವಿದೇಶಿ ಪಾಸ್‌ಪೋರ್ಟಿನ ನೆಂಟರಿದ್ದರೆ ಹುಷಾರು: ಅವರು ರಾತ್ರಿ ತಂಗೋಕೆ ಕೇಂದ್ರ ಗೃಹ ಸಚಿವಾಲಯದ ಪರ್ಮಿಟ್ ಬೇಕು, ಅದು ಬರೋಕೆ ತಿಂಗಳುಗಳೇ ಹಿಡಿಯಬಹುದು.

ಕಾಡು ಬೇಕಾ? ಎಚ್.ಡಿ. ಕೋಟೆ ಕಡೆ ತಿರುಗಿ. ಕಾರಾಪುರದ ಜಂಗಲ್ ಲಾಡ್ಜಸ್ ದುಬಾರಿ ಅನ್ನಿಸಿದರೂ ಊಟ, ಸಫಾರಿ ಅದರಲ್ಲೇ ಸೇರಿರುತ್ತೆ, ಕೂಡಿಸಿ ನೋಡಿ. ಇಲ್ಲಾಂದ್ರೆ ಕೋಟೆ ಪೇಟೆಯ ಲಾಡ್ಜಲ್ಲಿ ಮಲಗಿ, ದಮ್ಮನಕಟ್ಟೆಯಲ್ಲಿ ಬಸ್ ಸಫಾರಿ ಹತ್ತಿ. ಸಫಾರಿ ನಡೀತಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ.