ಹೊಸ ಗಣಕದ ಕಳೆ

ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಸೀಮೆಯ ಶೇಂಗಾ ಬೆಳೆಗಾರನಿಗೆ ಕಳೆಯ ವಿಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕಡಿಮೆಯಾದ ನೆಲದಲ್ಲಿ ಬೆಳೆಗೆ ಸಲ್ಲಬೇಕಾದ ತೇವವನ್ನು ಕಳೆ ಹೀರಿಬಿಡುತ್ತದೆ. ಆದುದರಿಂದಲೇ ಆತನು ಸಕಾಲದಲ್ಲಿ ಎಡೆಕುಂಟೆ ಹೊಡೆದು ಹೊಲವನ್ನು ಹಸನು ಮಾಡುತ್ತಾನೆ. ಆದರೆ ಆತನ ಮಗನೋ ಮಗಳೋ ಕಾಲೇಜಿನ ವ್ಯಾಸಂಗಕ್ಕೆಂದು ಹೊಸ ಲ್ಯಾಪ್‌ಟಾಪನ್ನು ತಂದು ತೆರೆದಾಗ, ಅದರಲ್ಲಿಯೂ ಬಿತ್ತದೆ ಬಂದ ಕಳೆ ಇರುತ್ತದೆಂಬುದು ಅನೇಕರಿಗೆ ತಿಳಿಯದು. ಈ ಕಳೆ ಯಾವುದು, ಅದು ಅಲ್ಲಿಗೆ ಬಂದುದು ಹೇಗೆ, ಅದನ್ನು ಕೀಳುವ ಕ್ರಮವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರವು ನಡೆಯಬೇಕಾದರೆ ವಿಂಡೋಸ್‌ನಂತಹ ಒಂದು ಕಾರ್ಯಾಚರಣ ವ್ಯವಸ್ಥೆ ಬೇಕು. ಪರದೆ, ಧ್ವನಿವರ್ಧಕ, ವೈಫೈ ಮುಂತಾದ ಅಂಗಗಳನ್ನು ದುಡಿಸಲು ಡ್ರೈವರ್ ಎಂಬ ಚಾಲಕ ತಂತ್ರಾಂಶಗಳು ಬೇಕು. ಇವು ಬೆಳೆ. ಇವುಗಳ ಜೊತೆಗೆ ಕೆಲವು ದಿನಗಳ ಮಟ್ಟಿಗೆ ಮಾತ್ರ ಉಚಿತವಾದ ವೈರಸ್ ನಿರೋಧಕ, ಪರೀಕ್ಷಾರ್ಥ ಕಛೇರಿ ತಂತ್ರಾಂಶ, ಕೇಳದೆ ಬಂದ ಆಟಗಳು, ಮಾರಾಟದ ತಾಣಗಳ ಕೊಂಡಿಗಳು ಕಾರ್ಖಾನೆಯಲ್ಲಿಯೇ ಸೇರಿಕೊಂಡಿರುತ್ತವೆ. ಇವಕ್ಕೆ ‘ಬ್ಲೋಟ್‌ವೇರ್’ ಎಂಬ ಅಡ್ಡಹೆಸರಿದೆ. ಯಂತ್ರದ ಹೊಟ್ಟೆಯನ್ನು ವೃಥಾ ಉಬ್ಬಿಸುವ ಸರಕು ಎಂದು ಅದರ ಭಾವ.

ತಯಾರಕರು ಇದನ್ನೇಕೆ ತುಂಬುತ್ತಾರೆ? ಉತ್ತರವು ಅರ್ಥಶಾಸ್ತ್ರದಲ್ಲಿದೆ. ಗಣಕಗಳ ಮಾರಾಟದಲ್ಲಿ ಸ್ಪರ್ಧೆ ಹೆಚ್ಚು, ಉಳಿಯುವ ಲಾಭ ಕಡಿಮೆ. ತಮ್ಮ ಸರಕನ್ನು ಹೊಸ ಯಂತ್ರದಲ್ಲಿ ಇರಿಸುವುದಕ್ಕಾಗಿ ತಂತ್ರಾಂಶ ಸಂಸ್ಥೆಗಳು ತಯಾರಕರಿಗೆ ಹಣ ಕೊಡುತ್ತವೆ. ಪರೀಕ್ಷೆಯ ಅವಧಿ ಮುಗಿದ ಮೇಲೆ ಬಳಕೆದಾರರಲ್ಲಿ ಕೆಲವರಾದರೂ ಹಣ ತೆತ್ತು ಮುಂದುವರಿಸುವರೆಂಬುದು ಅವುಗಳ ಲೆಕ್ಕಾಚಾರ. 2008ರಲ್ಲಿ ಸೋನಿ ಸಂಸ್ಥೆಯು ತನ್ನ ಕೆಲವು ವಾಯೋ ಗಣಕಗಳಿಂದ ಇಂತಹ ಸರಕನ್ನು ತೆಗೆದುಕೊಡಲು ಸುಮಾರು 50 ಡಾಲರ್ ಶುಲ್ಕವನ್ನು ಗೊತ್ತುಮಾಡಿತು. ತುಂಬಿದವರೇ ತೆಗೆಯುವುದಕ್ಕೂ ಹಣ ಕೇಳುವುದೆಂದರೇನು ಎಂದು ಜನರು ಆಕ್ಷೇಪಿಸಲು, ಸಂಸ್ಥೆಯು ಆ ಶುಲ್ಕವನ್ನು ಕೈಬಿಟ್ಟಿತು.

ಇವುಗಳಿಂದಾಗುವ ಮೊದಲನೆಯ ಹಾನಿ ನಿಧಾನಗತಿ. ಗಣಕವು ತಾನು ಆ ಕ್ಷಣದಲ್ಲಿ ನಡೆಸುತ್ತಿರುವ ಕೆಲಸವನ್ನು ರ್ಯಾಮ್ ಎಂಬ ಕಾರ್ಯಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಯಂತ್ರವನ್ನು ಹಚ್ಚಿದೊಡನೆ ಎಚ್ಚರಗೊಳ್ಳುವ ಪ್ರತಿಯೊಂದು ತಂತ್ರಾಂಶವೂ ಅದರಲ್ಲಿ ತನ್ನ ಪಾಲನ್ನು ಆಕ್ರಮಿಸುತ್ತದೆ. ಸ್ಮೃತಿ ತುಂಬಿದರೆ ಯಂತ್ರವು ಅದರ ಒಂದಂಶವನ್ನು ಸಂಗ್ರಹ ಫಲಕಕ್ಕೆ ಸಾಗಿಸಿ, ಬೇಕಾದಾಗ ಮರಳಿ ತರಬೇಕಾಗುತ್ತದೆ. ಸಂಗ್ರಹ ಫಲಕವು ರ್ಯಾಮ್‌ಗಿಂತ ಬಹಳ ನಿಧಾನವಾದುದು. 16 ಗಿಗಾಬೈಟ್ ಸ್ಮೃತಿಯುಳ್ಳ ಯಂತ್ರದಲ್ಲಿ ಈ ತೊಂದರೆ ಅಷ್ಟಾಗಿ ತೋರದು. 4 ಗಿಗಾಬೈಟಿನ ಅಗ್ಗದ ಯಂತ್ರದಲ್ಲಿ ಎದ್ದು ಕಾಣುತ್ತದೆ. ನೀರಾವರಿಯ ಗದ್ದೆಗಿಂತ ಮಳೆಯಾಶ್ರಯದ ಹೊಲಕ್ಕೆ ಕಳೆಯ ಪೆಟ್ಟು ಹೆಚ್ಚಲ್ಲವೆ? ಹಾಗೆಯೇ, ಕಡಿಮೆ ಬೆಲೆಯ ಯಂತ್ರವನ್ನು ಕೊಂಡ ವಿದ್ಯಾರ್ಥಿಯೇ ಇಲ್ಲಿಯೂ ಹೆಚ್ಚು ನಷ್ಟಕ್ಕೆ ಗುರಿಯಾಗುತ್ತಾನೆ.

ಎರಡನೆಯ ಹಾನಿ ಇದಕ್ಕಿಂತ ಗಂಭೀರವಾದುದು. 2014ರ ಸೆಪ್ಟೆಂಬರಿನಿಂದ ಲೆನೊವೊ ಸಂಸ್ಥೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶವು ಸೇರಿ ಬರುತ್ತಿತ್ತು. ಬ್ಯಾಂಕಿನಂತಹ ಸುರಕ್ಷಿತ ತಾಣಗಳೊಡನೆ ಗಣಕವು ಗೂಢಲಿಪಿಯಲ್ಲಿ ಮಾತನಾಡುತ್ತದೆ. ತಾಣವು ನಿಜವಾದುದೆಂಬುದನ್ನು ಪ್ರಮಾಣಪತ್ರದಿಂದ ಅರಿಯುತ್ತದೆ. ಸೂಪರ್‌ಫಿಶ್ ತನ್ನದೇ ಒಂದು ಪ್ರಮಾಣಪತ್ರವನ್ನು ಗಣಕದೊಳಗೆ ನೆಟ್ಟು, ಈ ಗುಪ್ತ ಸಂಭಾಷಣೆಯ ನಡುವೆ ನಿಲ್ಲುತ್ತಿತ್ತು. ಅದರ ರಹಸ್ಯ ಕೀಲಿಯು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿತ್ತು. 2015ರ ಫೆಬ್ರವರಿಯಲ್ಲಿ ಈ ಸಂಗತಿ ಬಯಲಾಗಿ, ಕೀಲಿಯೂ ತಜ್ಞರ ಕೈಗೆ ಸಿಕ್ಕಿತು. ಆ ಕೀಲಿಯುಳ್ಳ ಕಳ್ಳನು ಸುಳ್ಳು ತಾಣವನ್ನು ನಿಜವೆಂದು ಆ ಗಣಕಗಳಿಗೆ ನಂಬಿಸಬಹುದಾಗಿತ್ತು. ತಂತ್ರಾಂಶವನ್ನು ಕಿತ್ತ ಮೇಲೂ ಪ್ರಮಾಣಪತ್ರವು ಉಳಿಯುತ್ತಿದ್ದುದರಿಂದ ಅದನ್ನು ಬೇರೆಯಾಗಿಯೇ ತೆಗೆಯಬೇಕಾಯಿತು. ಮೇಲಿನ ಸೊಪ್ಪನ್ನು ಕಿತ್ತು ಬೇರನ್ನು ಬಿಟ್ಟರೆ ಕಳೆ ಹೋಗಲಿಲ್ಲವಷ್ಟೆ.

ಮೂರನೆಯದು ಹುಸಿ ಧೈರ್ಯ. ಪರೀಕ್ಷಾವಧಿ ಮುಗಿದ ವೈರಸ್ ನಿರೋಧಕಕ್ಕೆ ಹೊಸ ವೈರಸುಗಳ ವಿವರ ದೊರೆಯದೆ ಹೋಗಬಹುದು. ಆದರೆ ಅದರ ಚಿಹ್ನೆ ಪರದೆಯ ಮೇಲೆ ಇದ್ದೇ ಇರುತ್ತದೆ. ಬಾಗಿಲಲ್ಲಿ ಕಾವಲುಗಾರನಿದ್ದಾನೆಂದು ಮನೆಯವರು ನಿಶ್ಚಿಂತರು, ಕಾವಲುಗಾರನೋ ನಿದ್ರಿಸುತ್ತಿದ್ದಾನೆ. ಅದನ್ನು ತೆಗೆದುಹಾಕಿದರೆ ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿ ಕೆಲಸಕ್ಕೆ ತೊಡಗುತ್ತದೆ. ಅದು ಚಾಲನೆಗೆ ಬಂದಿದೆಯೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಹಾಗಾದರೆ ಯಾವುದನ್ನು ಇಡಬೇಕು, ಯಾವುದನ್ನು ಕೀಳಬೇಕು? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಆ ಸೀಮೆಯ ಜನರ ನಾಲಗೆಯ ಮೇಲಿದೆ. ದುಡಿದವನಿಗೆ ದುಡಿದಷ್ಟು ಎಂಬ ಈ ನ್ಯಾಯವು ಗಣಕಕ್ಕೂ ಸಲ್ಲುತ್ತದೆ. ನಮಗಾಗಿ ಕೆಲಸ ಮಾಡದ ತಂತ್ರಾಂಶಕ್ಕೆ ನಮ್ಮ ಸ್ಮೃತಿಯಲ್ಲಿ ಪಾಲೇಕೆ? ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಆಪ್ಸ್ ವಿಭಾಗದ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ಓದಬೇಕು. ಬೇಡದುದರ ಎದುರಿಗಿರುವ ಮೂರು ಚುಕ್ಕೆಗಳನ್ನು ಒತ್ತಿ, ಅನ್‌ಇನ್‌ಸ್ಟಾಲ್ ಎಂಬುದನ್ನು ಆಯ್ದುಕೊಳ್ಳಬೇಕು. ಒಮ್ಮೆಗೆ ಒಂದನ್ನೇ ತೆಗೆದು, ಯಂತ್ರವನ್ನು ಮತ್ತೆ ಹಚ್ಚಿ ಪರೀಕ್ಷಿಸುವುದು ಲೇಸು. ಡ್ರೈವರ್ ಎಂಬ ಹೆಸರುಳ್ಳವನ್ನೂ, ಉಪಯೋಗ ತಿಳಿಯದವನ್ನೂ ವಿಚಾರಿಸದೆ ಮುಟ್ಟಬಾರದು; ಅವಸರದ ಕುಂಟೆ ಬೆಳೆಯನ್ನೂ ಕೀಳುತ್ತದೆ. ‘ನಿಮ್ಮ ಗಣಕವನ್ನು ಶುಚಿಗೊಳಿಸುತ್ತೇವೆ’ ಎಂದು ಜಾಹೀರಾತಿನಲ್ಲಿ ಕೂಗುವ ತಂತ್ರಾಂಶಗಳನ್ನು ನಂಬಿದರೆ, ಒಂದು ಕಳೆಯನ್ನು ಕೀಳಲು ಮತ್ತೊಂದನ್ನು ನೆಟ್ಟಂತಾಗಬಹುದು.

ಇಷ್ಟರಿಂದ ತೃಪ್ತಿಯಾಗದವರು ಇಡೀ ಹೊಲವನ್ನೇ ಉತ್ತು ಹೊಸದಾಗಿ ಬಿತ್ತಬಹುದು. ಮೈಕ್ರೋಸಾಫ್ಟ್‌ನ ತಾಣದಿಂದ ವಿಂಡೋಸನ್ನು ಕನಿಷ್ಠ 8 ಗಿಗಾಬೈಟಿನ ಪೆನ್‌ಡ್ರೈವಿಗೆ ಇಳಿಸಿಕೊಂಡು ಮತ್ತೆ ಸ್ಥಾಪಿಸುವುದೇ ಈ ಕ್ರಮ. ಇದರಿಂದ ಹಳೆಯ ಕಡತಗಳೆಲ್ಲ ಅಳಿಸಿಹೋಗುವುದರಿಂದ ನಕಲನ್ನು ಮರೆಯಕೂಡದು. ಇನ್ನೊಂದು ದಾರಿ ಸ್ವತಂತ್ರ ತಂತ್ರಾಂಶದ್ದು. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್ ಆಧಾರಿತ ‘ಕೈಟ್ ಗ್ನೂ ಲಿನಕ್ಸ್’ ವ್ಯವಸ್ಥೆಯನ್ನು ಬಳಸುತ್ತವೆ; ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದೇ ರಾಜ್ಯಕ್ಕೆ ಸೇರಿದವು. ಪಾಠಕ್ಕೆ ಬೇಕಾದುದನ್ನು ಆ ರಾಜ್ಯವೇ ಆರಿಸಿ ಜೋಡಿಸಿರುವುದರಿಂದ ಅಲ್ಲಿ ಪರೀಕ್ಷಾವಧಿಯ ಕಾಟವಿಲ್ಲ. ಮನೆಯ ಗಣಕದಲ್ಲಿಯೂ, ಕಛೇರಿ ತಂತ್ರಾಂಶದ ಅವಧಿ ಮುಗಿದು ತಿದ್ದುವ ಸೌಕರ್ಯ ನಿಂತುಹೋದರೆ, ಉಚಿತವಾದ ಲಿಬ್ರೆ ಆಫೀಸಿನಲ್ಲಿ ಆ ಕಡತಗಳನ್ನು ತೆರೆದು ಕನ್ನಡದಲ್ಲಿ ಬರವಣಿಗೆಯನ್ನು ಮುಂದುವರಿಸಬಹುದು.

ಹಣ ಕೊಟ್ಟು ಕೊಂಡ ಯಂತ್ರದೊಳಗೆ ಏನಿದೆ ಎಂಬುದನ್ನು ತಿಳಿಯುವುದು ಒಡೆಯನ ಹಕ್ಕು. ವಿದ್ಯಾರ್ಥಿಗೆ ಅದು ಕರ್ತವ್ಯವೂ ಹೌದು. ಹೊಸ ಗಣಕವು ಮನೆಗೆ ಬಂದ ದಿನ ಅರ್ಧ ಗಂಟೆ ಕುಳಿತು ಆ ಪಟ್ಟಿಯನ್ನು ಓದಿದರೆ, ಯಾವುದು ನಮ್ಮ ಕೆಲಸಕ್ಕಾಗಿ ಇದೆ, ಯಾವುದು ಬೇರೊಬ್ಬರ ವ್ಯಾಪಾರಕ್ಕಾಗಿ ಇದೆ ಎಂಬುದು ತಾನಾಗಿ ತಿಳಿಯುತ್ತದೆ.